ಆರನೆಯ ಆಟದ ಕುದುರೆ

1960ರ ಮಾರ್ಚ್ ತಿಂಗಳ ಕೊನೆಯ ದಿನಗಳಲ್ಲಿ, ಮಾಸ್ಕೋ ನಗರದ ಪುಷ್ಕಿನ್ ರಂಗಮಂದಿರದಲ್ಲಿ, ಚದುರಂಗದ ವಿಶ್ವವಿಜೇತ ಪದವಿಗಾಗಿ ನಡೆಯುತ್ತಿದ್ದ ಪಂದ್ಯದ ಆರನೆಯ ಆಟದಲ್ಲಿ, ಕಪ್ಪು ಕಾಯಿಗಳನ್ನು ಆಡುತ್ತಿದ್ದ ಇಪ್ಪತ್ತಮೂರು ವರ್ಷದ ತರುಣ ಮಿಖಾಯಿಲ್ ಟಾಲನು ತನ್ನ 21ನೆಯ ನಡೆಯಾಗಿ ಒಂದು ಕುದುರೆಯನ್ನು, ಎದುರಾಳಿಯ ಕಾಲಾಳು ನಿರಾಯಾಸವಾಗಿ ಹೊಡೆಯಬಹುದಾದ ಮನೆಯಲ್ಲಿ ತಂದು ನಿಲ್ಲಿಸಿದನು. ಸಭಾಂಗಣದಲ್ಲಿ ಕುಳಿತಿದ್ದವರು ಸಾಮಾನ್ಯ ಪ್ರೇಕ್ಷಕರಲ್ಲ. ಅವರಲ್ಲಿ ಬಹುಮಂದಿ ಸ್ವತಃ ಆಟಗಾರರು. ವೇದಿಕೆಯ ಮೇಲಣ ದೊಡ್ಡ ಹಲಗೆಯಲ್ಲಿ ಆ ನಡೆ ಕಾಣಿಸಿಕೊಂಡ ಮೇಲೆ ಅವರ ನಡುವೆ ಎದ್ದ ವಾದದ ಕೋಲಾಹಲವು ಎಷ್ಟು ಬೆಳೆಯಿತೆಂದರೆ, ಮುಖ್ಯ ತೀರ್ಪುಗಾರನಾಗಿದ್ದ ಸ್ವೀಡನ್ನಿನ ಗಿಡಿಯಾನ್ ಸ್ಟಾಲ್‌ಬರ್ಗನೂ ಆತನ ಸಹಾಯಕರೂ ಆಟವನ್ನು ವೇದಿಕೆಯಿಂದ ತೆಗೆದು ಹಿಂಬದಿಯ ಕೋಣೆಯೊಂದಕ್ಕೆ ಸಾಗಿಸಬೇಕಾಯಿತು. ಆಟಗಾರರಿಬ್ಬರೂ ಮೌನವಾಗಿದ್ದರು; ಮಾತು ನಿಲ್ಲದೆ ಸಾಗುತ್ತಿದ್ದುದು ನೋಡುವವರಲ್ಲಿ. ಆ ಕುದುರೆಯ ಬಲಿ ಸರಿಯೇ, ತಪ್ಪೇ, ಅದು ಪ್ರತಿಭೆಯೇ, ಸಾಹಸದ ಮಿತಿಮೀರಿದ ಜೂಜೇ ಎಂಬ ಈ ವಿವಾದವು ಅಂದಿನಿಂದ ಇಂದಿನವರೆಗೆ, ಚದುರಂಗವನ್ನು ಪ್ರೀತಿಸುವವರು ನಾಲ್ವರು ಸೇರಿದಲ್ಲೆಲ್ಲ ಹೊಸದಾಗಿ ಹುಟ್ಟುತ್ತ ಬಂದಿದೆ. ಈ ವಿವಾದದಲ್ಲಿ ನನಗೊಂದು ನಿಲವುಂಟು. ಅದನ್ನು ಸಮರ್ಥಿಸುವುದಕ್ಕೆ ಮೊದಲು, ವಿಷಯವು ತಿಳಿಯಾಗಿ ಕಾಣಬೇಕಾದರೆ, ಆ ಇಬ್ಬರನ್ನೂ ಆ ಹಲಗೆಯನ್ನೂ ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ.

ಬಿಳಿಯ ಕಾಯಿಗಳ ಹಿಂದೆ ಕುಳಿತಿದ್ದವನು ಮಿಖಾಯಿಲ್ ಬೋಟ್ವಿನಿಕ್. ವಯಸ್ಸು ನಲವತ್ತೆಂಟು, ವೃತ್ತಿಯಿಂದ ವಿದ್ಯುತ್ ಎಂಜಿನಿಯರ್, 1948ರಲ್ಲಿ ಪದವಿಯನ್ನು ಗಳಿಸಿ, 1957ರಲ್ಲಿ ಅದನ್ನು ಸ್ಮಿಸ್ಲಾವನಿಗೆ ಒಪ್ಪಿಸಿ, ಮರುವರ್ಷವೇ ಮತ್ತೆ ಕಿತ್ತುಕೊಂಡಿದ್ದ ದೃಢಮನಸ್ಕ. ಚದುರಂಗಕ್ಕೆ ವಿಜ್ಞಾನದ ಶಿಸ್ತನ್ನು ತಂದವರಲ್ಲಿ ಆತನದು ಅಗ್ರಸ್ಥಾನ. ದೇಹದ ಆರೋಗ್ಯ, ಆರಂಭದ ನಡೆಗಳ ಅಧ್ಯಯನ, ಎದುರಾಳಿಯ ಸ್ವಭಾವದ ಪರೀಕ್ಷೆ, ಆಡಿ ಮುಗಿಸಿದ ಆಟಗಳ ನಿರ್ದಾಕ್ಷಿಣ್ಯ ವಿಮರ್ಶೆ, ಇವೆಲ್ಲವೂ ಆತನಿಗೆ ನಿತ್ಯವ್ರತಗಳಾಗಿದ್ದುವು. ಸಿಗರೇಟಿನ ಹೊಗೆಗೂ ಗದ್ದಲಕ್ಕೂ ಅಂಜದಿರಲೆಂದು, ಅಭ್ಯಾಸದ ಆಟಗಳಲ್ಲಿ ಎದುರಿನವನಿಂದ ಹೊಗೆ ಊದಿಸಿಕೊಂಡು, ಪಕ್ಕದಲ್ಲಿ ರೇಡಿಯೋ ಹಾಡಿಸಿಕೊಂಡು ಆತನು ಆಡುತ್ತಿದ್ದನೆಂಬ ಕಥೆ ಚದುರಂಗದ ಲೋಕದಲ್ಲಿ ಪ್ರಸಿದ್ಧವಾಗಿದೆ.

ಟಾಲನು ಬೇರೆ ಪ್ರಕೃತಿಯವನು. ಲಾಟ್ವಿಯಾ ದೇಶದ ರೀಗಾ ಊರಿನವನು, ಸಾಹಿತ್ಯದ ವಿದ್ಯಾರ್ಥಿ, ರಷ್ಯದ ವಿಡಂಬನಕಾರರಾದ ಇಲ್ಫ್ ಮತ್ತು ಪೆಟ್ರೋವರನ್ನು ಕುರಿತು ವಿಶ್ವವಿದ್ಯಾನಿಲಯದಲ್ಲಿ ಪ್ರಬಂಧ ಬರೆದವನು, ಹುಟ್ಟಿನಿಂದಲೇ ಬಲಗೈಯಲ್ಲಿ ಮೂರೇ ಬೆರಳುಗಳಿದ್ದರೂ ಪಿಯಾನೊ ನುಡಿಸುತ್ತಿದ್ದವನು. ಎದುರಾಳಿಯನ್ನು ದಿಟ್ಟಿಸಿ ನೋಡುವ ಆತನ ನೋಟಕ್ಕೆ ಮಾಂತ್ರಿಕ ಶಕ್ತಿಯುಂಟೆಂದು ನಂಬಿದವರೂ ಇದ್ದರು. 1959ರ ಅಭ್ಯರ್ಥಿಗಳ ಪಂದ್ಯಾವಳಿಯಲ್ಲಿ ಪಾಲ್ ಬೆಂಕೋ ಕಪ್ಪು ಕನ್ನಡಕ ಧರಿಸಿ ಆತನೆದುರು ಆಡಲು ಕುಳಿತದ್ದು ಈ ನಂಬಿಕೆಯಿಂದಲೇ. ಆ ಪಂದ್ಯಾವಳಿಯನ್ನು ಗೆದ್ದೇ ಟಾಲನು ಮಾಸ್ಕೋಗೆ ಬಂದನು. ಮೊದಲ ಆಟವನ್ನು ಗೆದ್ದನು. ಅನಂತರದ ನಾಲ್ಕು ಆಟಗಳು ಸಮನಾದುವು. ಹೀಗೆ ಮೂರಕ್ಕೆ ಎರಡರಂತೆ ಮುಂದಿದ್ದವನು ಆರನೆಯ ಆಟದಲ್ಲಿ ಈ ಕುದುರೆಯನ್ನು ಒಡ್ಡಿದನು.

ಈಗ ಹಲಗೆಗೆ ಬರೋಣ. ಕಪ್ಪಿನ ಎರಡು ಆನೆಗಳು ಒಂದೇ ಸಾಲಿನಲ್ಲಿ ಒಂದರ ಹಿಂದೊಂದು ನಿಂತು ಬಿಳಿಯ ಪಾಳೆಯವನ್ನು ನೋಡುತ್ತಿದ್ದುವು. ರಾಣಿಯೂ ಆ ಬದಿಯಲ್ಲಿಯೇ ಮುಂದೆ ಸರಿದಿದ್ದಳು. ಒಂದು ಒಂಟೆ ತೆರೆದ ಓಣಿಯಲ್ಲಿತ್ತು. ಇನ್ನೊಂದು ಒಂಟೆಯ ದಾರಿಗೆ ಮಾತ್ರ ಸ್ವಂತ ಪಕ್ಷದ ಕಾಲಾಳೇ ಅಡ್ಡವಾಗಿತ್ತು. ಬೋಟ್ವಿನಿಕನು ತನ್ನ 21ನೆಯ ನಡೆಯಲ್ಲಿ ಆನೆಯನ್ನು ಮೂಲೆಗೆ ಸರಿಸಿ ಒಂದು ಬೆದರಿಕೆಯನ್ನು ಹೂಡಿದ್ದನು: ರಾಜನ ಮುಂದಣ ಕಾಲಾಳೊಂದು ಒಂದೇ ಮನೆ ಮುಂದೆ ನಡೆದರೆ ಕಪ್ಪಿನ ಒಂಟೆ, ಕುದುರೆ ಎರಡಕ್ಕೂ ಏಕಕಾಲದಲ್ಲಿ ಸಂಕಟ. ಕುದುರೆ ಹಿಂದಕ್ಕೆ ಹೋಗಬಹುದಾಗಿತ್ತು. ಹಾಗೆ ಹೋದರೆ ಅದುವರೆಗೆ ಟಾಲನು ಕೂಡಿಸಿ ತಂದಿದ್ದ ಬಲವೆಲ್ಲ ಅರ್ಥವಿಲ್ಲದ ಜಮಾವಣೆಯಾಗಿ ಉಳಿದು, ಬಿಳಿಯು ನಿಧಾನವಾಗಿ, ಬೋಟ್ವಿನಿಕನಿಗೆ ಪ್ರಿಯವಾದ ರೀತಿಯಲ್ಲಿ, ಒಂದೊಂದೇ ಮನೆಯನ್ನು ಆಕ್ರಮಿಸುತ್ತ ಬರುತ್ತಿತ್ತು. ಟಾಲನು ಕುದುರೆಯನ್ನು ಮುಂದಕ್ಕೆ ನಡೆಸಿದನು. ಅದನ್ನು ಹೊಡೆದ ಬಿಳಿಯ ಕಾಲಾಳನ್ನು ಕಪ್ಪಿನ ಕಾಲಾಳು ಹೊಡೆಯಿತು. ಹೊಡೆಯುವಾಗ ತನ್ನ ಮನೆಯನ್ನು ಬಿಟ್ಟುಹೋದದ್ದರಿಂದ ಹಿಂದಿದ್ದ ಒಂಟೆಗೆ ಓಣಿ ತೆರೆಯಿತು. ಬಿಳಿಯ ರಾಜನ ಮುಂದಿದ್ದ ಮರೆ ಒಡೆಯಿತು. ಕೊಟ್ಟದ್ದು ಒಂದು ಕುದುರೆ, ಪಡೆದದ್ದು ಒಂದು ಕಾಲಾಳು. ಲೆಕ್ಕದ ಪುಸ್ತಕದಲ್ಲಿ ಇದು ನಷ್ಟವೇ. ಹಲಗೆಯ ಮೇಲೆ ಮಾತ್ರ ಕ್ಷಣಕ್ಕೆ ಮೊದಲು ಮಲಗಿದ್ದ ಕಾಯಿಗಳೆಲ್ಲ ಎದ್ದು ಕುಳಿತಿದ್ದುವು.

ಮುಂದಿನ ನಾಲ್ಕು ನಡೆಗಳಲ್ಲಿ ಆಟದ ಭವಿಷ್ಯ ತೀರ್ಮಾನವಾಯಿತು. ಟಾಲನ ರಾಣಿ ಬಿಳಿಯ ಪಾಳೆಯದೊಳಕ್ಕೆ ನುಗ್ಗಿ ಕಾಲಾಳೊಂದನ್ನು ಹೊಡೆದಳು. ಬೋಟ್ವಿನಿಕನು ಆನೆಯಿಂದ ಅವಳನ್ನು ಕೆಣಕಿದನು. ಟಾಲನು ಅವಳನ್ನು ರಕ್ಷಿಸುವುದನ್ನು ಬಿಟ್ಟು ತನ್ನ ಕಾಲಾಳನ್ನು ಮುಂದೊತ್ತಿ ಬಿಳಿಯ ರಾಣಿಯನ್ನೇ ಕೆಣಕಿದನು. ಇಲ್ಲಿ, 25ನೆಯ ನಡೆಯಲ್ಲಿ, ಬೋಟ್ವಿನಿಕನ ಮುಂದೆ ಎರಡು ದಾರಿಗಳಿದ್ದುವು. ಆ ಕಾಲಾಳನ್ನು ಒಂಟೆಯಿಂದ ಹೊಡೆದು, ಕೆಲವು ಕಾಯಿಗಳನ್ನು ತಾನೇ ಬಿಟ್ಟುಕೊಟ್ಟು, 27ನೆಯ ನಡೆಯಲ್ಲಿ ಅದೇ ಒಂಟೆಯನ್ನು ಹಲಗೆಯ ನಡುವಿಗೆ ತಂದು ನಿಲ್ಲಿಸುವುದು ಒಂದು. ಹಾಗೆ ಮಾಡಿದ್ದರೆ ಮೇಲುಗೈ ಬಿಳಿಯದಾಗುತ್ತಿತ್ತೆಂದು ಅನಂತರದ ವಿಶ್ಲೇಷಣೆ ತೋರಿಸಿಕೊಟ್ಟಿದೆ. ರಾಣಿಯನ್ನು ಹೊಡೆದು ತನ್ನ ರಾಣಿಯನ್ನೂ ಕಳೆದುಕೊಂಡು ಆಟವನ್ನು ಶಾಂತಗೊಳಿಸುವುದು ಇನ್ನೊಂದು. ಬೋಟ್ವಿನಿಕನು ಎರಡನೆಯದನ್ನು ಆರಿಸಿದನು. ರಾಣಿಯರಿಬ್ಬರೂ ಹೋದರು, ಆಕ್ರಮಣ ಹೋಗಲಿಲ್ಲ. ಬಿಳಿಯ ರಾಣಿಯನ್ನು ಹೊಡೆದ ಕಪ್ಪಿನ ಕಾಲಾಳು ಕೊನೆಯ ಸಾಲಿಗೆ ಒಂದೇ ಮನೆಯ ದೂರದಲ್ಲಿ ಉಳಿದಿತ್ತು, ಟಾಲನ ಒಂಟೆಗಳೂ ಆನೆಗಳೂ ಅದರ ಸುತ್ತ ಕೂಡಿಕೊಂಡುವು. ಕೆಲವೇ ನಡೆಗಳಲ್ಲಿ ಕೊಟ್ಟ ಕುದುರೆಯ ಬೆಲೆ ಬಡ್ಡಿ ಸಮೇತ ಹಿಂದಿರುಗಿತು. ಆ ಆಟವನ್ನೂ ಮರು ಆಟವನ್ನೂ ಟಾಲನು ಗೆದ್ದನು. ಇಪ್ಪತ್ತೊಂದು ಆಟಗಳ ಕೊನೆಯಲ್ಲಿ ಹನ್ನೆರಡೂವರೆಗೆ ಎಂಟೂವರೆ ಅಂಕಗಳಿಂದ, ಅದುವರೆಗಿನ ವಿಶ್ವವಿಜೇತರೆಲ್ಲರಿಗಿಂತ ಕಿರಿಯನಾಗಿ, ಪದವಿಯನ್ನೇರಿದನು.

ಈ ಆಟವನ್ನು ಚರ್ಚಿಸುವ ರಸಿಕರು ಎರಡು ಪಂಗಡಗಳಾಗಿ ಒಡೆಯುತ್ತಾರೆ. ಸರಿಯಾದ ಉತ್ತರವು ಇದ್ದುದರಿಂದ ಆ ಬಲಿ ಅಸಾಧು, ಅದರ ಗೆಲವು ಎದುರಾಳಿಯ ಪ್ರಮಾದದ ಫಲ, ಪ್ರಮಾದವನ್ನು ನೆಚ್ಚಿದ ಸೌಂದರ್ಯವು ನಿಜವಾದ ಸೌಂದರ್ಯವಲ್ಲ ಎನ್ನುವವರದು ಒಂದು ಪಂಗಡ. ಗೆದ್ದ ಮೇಲೆ ತರ್ಕವೇಕೆ, ಬೋಟ್ವಿನಿಕನಂಥವನೇ ಉತ್ತರ ಕಾಣದೆ ಹೋದನಲ್ಲ, ಮನುಷ್ಯನ ಮನಸ್ಸನ್ನು ಸೋಲಿಸಿದ ನಡೆಗಿಂತ ಸತ್ಯವಾದ ನಡೆ ಇನ್ನೇನಿದೆ ಎನ್ನುವವರದು ಇನ್ನೊಂದು. ಮೊದಲನೆಯ ಪಕ್ಷವನ್ನು ಬೋಟ್ವಿನಿಕನ ಪಕ್ಷವೆಂದೂ ಎರಡನೆಯದನ್ನು ಟಾಲನ ಪಕ್ಷವೆಂದೂ ಹೆಸರಿಡುವ ವಾಡಿಕೆಯುಂಟು. ಎರಡೂ ಆ ಹೆಸರುಗಳಿಗೆ ಪೂರ್ತಿ ನ್ಯಾಯ ಸಲ್ಲಿಸುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲನೆಯ ಪಕ್ಷದಲ್ಲಿ ಗೌರವಾರ್ಹವಾದ ಅಂಶವೊಂದಿದೆ. ಅದನ್ನು ಹಗುರವಾಗಿ ಕಾಣಲಾಗದು. ಚದುರಂಗದಲ್ಲಿ ದಾಳವಿಲ್ಲ, ಮುಚ್ಚಿಟ್ಟ ಎಲೆಯಿಲ್ಲ, ಗಾಳಿಯ ದಿಕ್ಕಿಲ್ಲ. ಎಲ್ಲವೂ ಇಬ್ಬರ ಕಣ್ಣೆದುರಿಗೂ ಸಮನಾಗಿ ತೆರೆದಿದೆ. ಆದ್ದರಿಂದ ಪ್ರತಿಯೊಂದು ಸ್ಥಿತಿಗೂ, ನಮಗೆ ಗೊತ್ತಿರಲಿ ಇಲ್ಲದಿರಲಿ, ಒಂದು ಸತ್ಯವಿದೆ. ಆ ಸತ್ಯವನ್ನು ಅರಸುವ ಶ್ರದ್ಧೆ ಇಲ್ಲದಿದ್ದರೆ ಈ ಆಟಕ್ಕೆ ಕಾಲಹರಣಕ್ಕಿಂತ ಹೆಚ್ಚಿನ ಘನತೆ ಒದಗುತ್ತಿರಲಿಲ್ಲ. ಟಾಲನ ನಡೆಯನ್ನು ಅಂದು ಪುಷ್ಕಿನ್ ರಂಗಮಂದಿರದಲ್ಲಿ ಕೊಂಡಾಡಿದವರು ಮರುದಿನ ಮನೆಯಲ್ಲಿ ಹಲಗೆ ಹಾಸಿ ಕುಳಿತು ಅದರ ದೋಷವನ್ನು ಹುಡುಕಿದರೆ ಅದು ಕೃತಘ್ನತೆಯಲ್ಲ; ಕಲೆಯನ್ನು ಗಂಭೀರವಾಗಿ ತೆಗೆದುಕೊಂಡವರ ಧರ್ಮ. ಟಾಲನು ಸ್ವತಃ ಈ ಪಂದ್ಯವನ್ನು ಕುರಿತು ಬರೆದ ಪುಸ್ತಕದಲ್ಲಿ ಆ ಧರ್ಮವನ್ನು ಪಾಲಿಸಿದ್ದಾನೆ. ತನಗೆ ಅನುಕೂಲವಾದ ಸಾಲುಗಳನ್ನು ಮಾತ್ರ ತೋರಿಸಿ ಓದುಗರನ್ನು ಮೆಚ್ಚಿಸಿ ಕಳುಹಿಸುವ ಗೆದ್ದವನ ಆಸೆಗೆ ಆತನು ಒಳಗಾಗಲಿಲ್ಲ. ರಾಣಿಯನ್ನು ಕಳುಹಿಸಿ ಕಾಲಾಳನ್ನು ಹೊಡೆಯುವ ಬದಲು 23ನೆಯ ನಡೆಯಲ್ಲಿ ಒಂಟೆಯನ್ನು ಹಲಗೆಯ ನಡುವಿಗೆ ತಂದಿದ್ದರೆ ಕಪ್ಪಿನ ಆಕ್ರಮಣ ಇನ್ನೂ ಬಲವಾಗುತ್ತಿತ್ತೆಂಬ ವಿಶ್ಲೇಷಕರ ಮಾತನ್ನು ಸೇರಿಸಿಕೊಂಡರೆ, ದೋಷವು ಬಲಿಯಲ್ಲಿ ಎಷ್ಟು, ಅದರ ಮುಂದುವರಿಕೆಯಲ್ಲಿ ಎಷ್ಟು ಎಂಬ ಪ್ರಶ್ನೆಯೂ ಬೇರೆಯಾಗಿ ನಿಲ್ಲುತ್ತದೆ. ಸತ್ಯಾನ್ವೇಷಣೆ ಎಂದರೆ ಇಂಥ ವಿಂಗಡಣೆ; ‘ಸರಿ’ ಅಥವಾ ‘ತಪ್ಪು’ ಎಂದು ಒಂದೇ ಪದದಲ್ಲಿ ಷರಾ ಬರೆದು ಪುಸ್ತಕ ಮುಚ್ಚುವುದಕ್ಕೆ ಆ ಹೆಸರು ಸಲ್ಲದು.

ಆದರೆ ಈ ಪಕ್ಷದವರು ಒಂದು ಕಡೆ ಎಡವುತ್ತಾರೆ. ವಿರಾಮದಲ್ಲಿ ಕಂಡ ಸತ್ಯವನ್ನು ಹಿಡಿದು ಕ್ರಿಯೆಯನ್ನು ಅಳೆಯುತ್ತಾರೆ. ಅಂದಿನ ನಿಯಮದಂತೆ ಪ್ರತಿಯೊಬ್ಬ ಆಟಗಾರನಿಗೂ ಮೊದಲ 40 ನಡೆಗಳಿಗೆ ಎರಡೂವರೆ ಗಂಟೆಗಳ ಅವಧಿ. ಗಡಿಯಾರ ತಿರುಗುತ್ತಲೇ ಇರುತ್ತದೆ. ಒಮ್ಮೆ ನಡೆಸಿದ ಕಾಯಿಯನ್ನು ಹಿಂದಕ್ಕಿಡುವಂತಿಲ್ಲ. ಪಕ್ಕದಲ್ಲಿ ಕೇಳಲು ಯಾರೂ ಇಲ್ಲ. ಅಲ್ಲಿ ಆಡುವ ನಡೆಯು ಒಬ್ಬ ಮನುಷ್ಯನು ಇನ್ನೊಬ್ಬ ಮನುಷ್ಯನ ಮುಂದೆ, ಮಿತವಾದ ಕಾಲದಲ್ಲಿ, ಫಲವನ್ನು ತಾನೇ ಅನುಭವಿಸುವ ಹೊಣೆ ಹೊತ್ತು ಮಾಡುವ ಕ್ರಿಯೆ. ತೆಂಕಣ ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಯೊಬ್ಬನು ಕೃಷ್ಣನ ಪಕ್ಷದಿಂದ ಅನಿರೀಕ್ಷಿತವಾದ ಒಂದು ಪ್ರಶ್ನೆಯನ್ನೆಸೆದಾಗ ಕೌರವನ ಅರ್ಥ ಹೇಳುವವನು ಆ ರಾತ್ರಿಯೇ, ಆ ಸಭೆಯಲ್ಲಿಯೇ ಉತ್ತರ ಕೊಡಬೇಕು. ಮರುದಿನ ಬೆಳಗ್ಗೆ ಅವನಿಗೋ ಕೇಳಿದವರಲ್ಲಿ ಒಬ್ಬರಿಗೋ ಅತ್ಯುತ್ತಮವಾದ ಸಮಾಧಾನ ಹೊಳೆದರೆ ಅದು ಶಾಸ್ತ್ರಕ್ಕೆ ಲಾಭ, ಪ್ರಸಂಗದ ಜಿಜ್ಞಾಸುಗಳಿಗೆ ಲಾಭ. ಹಿಂದಿನ ರಾತ್ರಿಯ ಪ್ರಶ್ನೆಯ ಬೆಲೆ ಅದರಿಂದ ಕಡಿಮೆಯಾಯಿತೆಂದು ಬಲ್ಲವರು ಹೇಳುವುದಿಲ್ಲ. ಉತ್ತರವನ್ನು ಹುಡುಕಲು ಊರಿಗೆ ಊರೇ ಬೆಳಗಿನವರೆಗೆ ತಲೆ ಕೆಡಿಸಿಕೊಳ್ಳಬೇಕಾಯಿತೆಂಬುದೇ ಆ ಪ್ರಶ್ನೆಯ ಯೋಗ್ಯತೆಗೆ ಸಾಕ್ಷಿ. 25ನೆಯ ನಡೆಯಲ್ಲಿ ಬೋಟ್ವಿನಿಕನು ಕಾಣಬೇಕಾಗಿದ್ದ ಉತ್ತರವೂ ಇಂಥದೇ: ಕಾಯಿಗಳನ್ನು ಬಿಟ್ಟುಕೊಡುವುದರಲ್ಲಿ ಆರಂಭವಾಗಿ, ಎರಡು ನಡೆ ಕಳೆದ ಮೇಲೆ ಒಂದು ಅಸಾಮಾನ್ಯವಾದ ಒಂಟೆಯ ಚಲನೆಯಲ್ಲಿ ಅರ್ಥ ಕಾಣುವ ಉತ್ತರ. ಅವನು ಅದನ್ನು ಕಾಣಲಿಲ್ಲವೆನ್ನುವುದಕ್ಕಿಂತ, ಕಾಣಲು ಬೇಕಾದ ಮನಸ್ಸಿನ ಕಡೆಗೆ ತಿರುಗಲಿಲ್ಲವೆನ್ನುವುದು ಹೆಚ್ಚು ಸರಿಯೆಂದು ನನಗೆ ತೋರುತ್ತದೆ. ಬಿರುಗಾಳಿಯನ್ನು ನಿಲ್ಲಿಸಲು ರಾಣಿಯರನ್ನು ವಿನಿಮಯ ಮಾಡಿಕೊಳ್ಳುವುದು ಅವನ ಜೀವಮಾನದ ವಿವೇಕ. ಸಾವಿರ ಸ್ಥಿತಿಗಳಲ್ಲಿ ಸರಿಯಾದ ಆ ವಿವೇಕವು ಈ ಒಂದು ಸ್ಥಿತಿಯಲ್ಲಿ ಕೈಕೊಟ್ಟಿತು. ಟಾಲನ ಕುದುರೆ ಅವನ ಅಜ್ಞಾನವನ್ನು ಕೆಣಕಲಿಲ್ಲ, ಜ್ಞಾನವನ್ನೇ ಕೆಣಕಿತು.

ಇಷ್ಟು ಹೇಳಿದೊಡನೆ ಎರಡನೆಯ ಪಂಗಡದವರು ನನ್ನನ್ನು ತಮ್ಮವನೆಂದು ಬರಮಾಡಿಕೊಂಡಾರು. ಅಲ್ಲಿಯೂ ನಾನು ನಿಲ್ಲಲಾರೆ. ಗೆಲವೇ ಪ್ರಮಾಣವಾದರೆ ಇದೇ ಪಂದ್ಯದ ಒಂಬತ್ತನೆಯ ಆಟಕ್ಕೆ ಏನು ಹೇಳಬೇಕು? ಅಲ್ಲಿಯೂ ಟಾಲನು, ಈ ಬಾರಿ ಬಿಳಿಯ ಕಾಯಿಗಳಿಂದ, 11ನೆಯ ನಡೆಯಷ್ಟು ಬೇಗ ಕುದುರೆಯನ್ನು ಬಲಿಕೊಟ್ಟನು. ಪ್ರತಿಯಾಗಿ ಕೆಲವು ಕಾಲಾಳುಗಳು ದೊರೆತುವು. ಎದುರಾಳಿಯ ರಾಜನು ಕೋಟೆ ಕಟ್ಟುವ ಹಕ್ಕನ್ನು ಕಳೆದುಕೊಂಡನು. ನೋಡುವವರ ಎದೆ ಹಿಂದಿನಂತೆಯೇ ಬಡಿದುಕೊಂಡಿರಬೇಕು. ಬೋಟ್ವಿನಿಕನು ಈ ಸಲ ಎಳ್ಳಷ್ಟೂ ಗಾಬರಿಗೊಳ್ಳದೆ, ಕಾಯಿಗಳನ್ನು ಒಂದೊಂದಾಗಿ ಸರಿಯಾದ ಮನೆಗಳಿಗೆ ತಂದು, ಆಕ್ರಮಣವನ್ನು ಆರಿಸಿ, ದೀರ್ಘವಾದ ಅಂತ್ಯದಾಟದಲ್ಲಿ ಗೆದ್ದನು. ಎಂಟನೆಯದನ್ನೂ ಅವನೇ ಗೆದ್ದಿದ್ದರಿಂದ ಪಂದ್ಯವು ಮತ್ತೆ ಹತ್ತಿರ ಹತ್ತಿರಕ್ಕೆ ಬಂತು. ಆರನೆಯ ಆಟದ ಬಲಿಯನ್ನು ಗೆಲವಿನ ಕಾರಣದಿಂದ ಹೊಗಳುವವನು ಒಂಬತ್ತನೆಯದನ್ನು ಸೋಲಿನ ಕಾರಣದಿಂದ ತೆಗಳಬೇಕಾಗುತ್ತದೆ. ಆಗ ಆತನ ಮಾತು ಆಟದ ವಿಮರ್ಶೆಯಾಗದೆ ಅಂಕಪಟ್ಟಿಯ ಪುನರುಕ್ತಿಯಾಗುತ್ತದೆ. ಟಾಲನಿಗೆ ಸಮ್ಮೋಹನಶಕ್ತಿಯಿತ್ತೆಂಬ ಕಥೆಯನ್ನೂ ಒಂಬತ್ತನೆಯ ಆಟ ಅಲ್ಲಗಳೆಯುತ್ತದೆ. ಅಂಥ ಶಕ್ತಿ ಇದ್ದಿದ್ದರೆ ಅದು ಅಷ್ಟು ಬೇಗ, ಅದೇ ಎದುರಾಳಿಯ ಮುಂದೆ, ಬತ್ತಿಹೋಗುತ್ತಿರಲಿಲ್ಲ.

ಹಾಗಾದರೆ ಯಾವ ಅಳತೆ? ಬಲಿಯನ್ನು ಮೂರು ಪ್ರಶ್ನೆಗಳ ಮುಂದೆ ನಿಲ್ಲಿಸುವುದು ನನ್ನ ಪದ್ಧತಿ. ಅದು ಸ್ಥಿತಿಯ ಒಳಗಿನಿಂದ ಹುಟ್ಟಿತೋ, ಹೊರಗಿನಿಂದ ಅಂಟಿಸಿದ್ದೋ? ಎದುರಾಳಿಯ ಮುಂದೆ ಅದು ಇಟ್ಟ ಕಷ್ಟವು ನಿಜವಾದ ಕಷ್ಟವೋ, ತೋರಿಕೆಯದೋ? ಆಡಿದವನು ತನ್ನ ಲೆಕ್ಕದ ಮಿತಿಯನ್ನು ಬಲ್ಲವನಾಗಿ, ಆ ಮಿತಿಯಾಚೆಗಿನದಕ್ಕೆ ಹೊಣೆ ಹೊತ್ತು ಆಡಿದನೋ, ಮೈಮರೆತು ಆಡಿದನೋ? ಮೊದಲನೆಯ ಪ್ರಶ್ನೆಯೇ ಮುಖ್ಯವಾದದ್ದು. ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದ ಗುಣಕ್ಕೆ ಅದು ಬಹಳ ಸಮೀಪದ್ದು. ಆರನೆಯ ಆಟದ ಕುದುರೆ ಈ ಪರೀಕ್ಷೆಯಲ್ಲಿ ನಿಸ್ಸಂಶಯವಾಗಿ ತೇರ್ಗಡೆಯಾಗುತ್ತದೆ. ಆನೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದಂದೇ, ಕಾಲಾಳನ್ನು ಮುಂದೊತ್ತಿ ಒಂಟೆಗೆ ದಾರಿ ಮಾಡಿದಂದೇ ಅದು ಗರ್ಭದಲ್ಲಿತ್ತು. ಅದಿಲ್ಲದಿದ್ದರೆ ಹಿಂದಿನ ಆರೇಳು ನಡೆಗಳು ಅನಾಥವಾಗುತ್ತಿದ್ದುವು. ಒಂಬತ್ತನೆಯ ಆಟದ ಬಲಿಯು ಮೂರನೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟೀತು, ಏಕೆಂದರೆ ಟಾಲನು ಹೊಣೆಯಿಂದ ಜಾರುವ ಆಟಗಾರನಲ್ಲ. ಮೊದಲನೆಯದಕ್ಕೆ ಅಷ್ಟು ಒಳ್ಳೆಯ ಉತ್ತರವಿಲ್ಲ. ಅಲ್ಲಿ ಬಿಳಿಯ ಸೈನ್ಯವು ಇನ್ನೂ ಪೂರ್ತಿಯಾಗಿ ಮನೆ ಬಿಟ್ಟು ಹೊರಟಿರಲಿಲ್ಲ. ಬಲಿಗೆ ಸ್ಥಿತಿಯ ಒತ್ತಾಯಕ್ಕಿಂತ ಆಟಗಾರನ ಉತ್ಸಾಹದ ಒತ್ತಾಯ ಹೆಚ್ಚಾಗಿತ್ತು. ಸೋತದ್ದರಿಂದ ನಾನು ಹೀಗೆ ಹೇಳುತ್ತಿಲ್ಲ. ಗೆದ್ದಿದ್ದರೂ ಹೀಗೆಯೇ ಹೇಳಬೇಕಾಗುತ್ತಿತ್ತು.

ಲೆಕ್ಕದ ಮಿತಿಯ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಆಸ್ಟ್ರಿಯದ ಆಟಗಾರ ರುಡಾಲ್ಫ್ ಸ್ಪೀಲ್‌ಮನ್ 1935ರಲ್ಲಿ ಬಲಿಗಳನ್ನೇ ವಿಷಯವಾಗಿಟ್ಟುಕೊಂಡು ಒಂದು ಗ್ರಂಥವನ್ನು ಬರೆದನು. ಅದರಲ್ಲಿ ಆತನು ತೋರಿಸಿದ ಭೇದವು ಇಂದಿಗೂ ಉಪಯುಕ್ತವಾಗಿದೆ. ಕೊಟ್ಟದ್ದು ಎಷ್ಟು ನಡೆಗಳಲ್ಲಿ, ಯಾವ ರೂಪದಲ್ಲಿ ಹಿಂದಿರುಗುತ್ತದೆಂದು ಮೊದಲೇ ಎಣಿಸಬಹುದಾದ ಬಲಿಯು ತೋರಿಕೆಯ ಬಲಿ. ಎಣಿಕೆಗೆ ಸಿಕ್ಕದೆ, ಸ್ಥಿತಿಯ ಅಂದಾಜಿನ ಮೇಲೂ ಅನುಭವದ ಮೇಲೂ ನಂಬಿಕೆಯಿಟ್ಟು ಕೊಡುವುದು ನಿಜವಾದ ಬಲಿ. ತೋರಿಕೆಯ ಬಲಿಗೆ ಲೆಕ್ಕದ ತೀರ್ಪು ಸಾಕು. ನಿಜವಾದ ಬಲಿಗೆ ಕೇವಲ ಲೆಕ್ಕದ ತೀರ್ಪನ್ನು ಅನ್ವಯಿಸಿದರೆ ಅದರ ಜಾತಿಯನ್ನೇ ತಪ್ಪಾಗಿ ತಿಳಿದಂತಾಗುತ್ತದೆ. ಈ ಅನಿಶ್ಚಯವು ಟಾಲನಂಥ ಸಾಹಸಿಗಳಿಗೆ ಮಾತ್ರ ಮೀಸಲಾದದ್ದೂ ಅಲ್ಲ. 1938ರಲ್ಲಿ ಹಾಲೆಂಡಿನಲ್ಲಿ ನಡೆದ ಆವ್ರೋ ಪಂದ್ಯಾವಳಿಯಲ್ಲಿ ಬೋಟ್ವಿನಿಕನು ಮಹಾಪ್ರತಿಭೆಯಾದ ಕಪಬ್ಲಾಂಕನ ವಿರುದ್ಧ ತನ್ನ 30ನೆಯ ನಡೆಯಲ್ಲಿ ಒಂಟೆಯೊಂದನ್ನು ಒಪ್ಪಿಸಿ, ಬೆನ್ನಲ್ಲೇ ಕುದುರೆಯನ್ನೂ ಒಪ್ಪಿಸಿ, ತನ್ನ ಕಾಲಾಳಿಗೆ ರಾಣಿಯ ಪದವಿಯವರೆಗೆ ದಾರಿ ಬಿಡಿಸಿಕೊಂಡನು. ಚದುರಂಗದ ಇತಿಹಾಸದಲ್ಲಿ ಅದಕ್ಕಿಂತ ಪ್ರಸಿದ್ಧವಾದ ನಡೆಗಳು ಕೆಲವೇ. ಆ ಸಂಯೋಜನೆಯನ್ನು ಕೊನೆಯವರೆಗೆ ಎಣಿಸಲು ತನ್ನಿಂದಾಗಲಿಲ್ಲವೆಂದೂ, ಏನಾದರೂ ತಪ್ಪಿದರೆ ಆಟವನ್ನು ಸಮಮಾಡಿಕೊಳ್ಳುವ ದಾರಿಯಾದರೂ ಉಳಿದೀತೆಂಬ ಭರವಸೆಯಿಂದ ಮುನ್ನಡೆದೆನೆಂದೂ ಆತನೇ ಒಪ್ಪಿದ್ದಾನೆ. ಲೆಕ್ಕದ ಪ್ರತಿಮೂರ್ತಿಯೆಂದು ನಾವು ಭಾವಿಸುವವನ ಅತ್ಯುತ್ತಮ ಆಟದ ನಡುವಿನಲ್ಲಿಯೂ ಹೀಗೆ ಲೆಕ್ಕ ಮುಗಿದು ಧೈರ್ಯ ಮೊದಲಾಗುವ ಒಂದು ಗೆರೆಯಿತ್ತು. ಬೋಟ್ವಿನಿಕನು ಆ ಗೆರೆಯನ್ನು ದಾಟುವಾಗ ಹಿಂದಿರುಗುವ ದಾರಿಯನ್ನು ನೋಡಿಟ್ಟುಕೊಳ್ಳುತ್ತಿದ್ದನು, ಟಾಲನು ನೋಡುತ್ತಿರಲಿಲ್ಲ. ಇಬ್ಬರ ನಡುವಣ ಭೇದ ಇಷ್ಟೇ, ಆದರೆ ಇದು ಸಣ್ಣ ಭೇದವಲ್ಲ.

ಇದಕ್ಕೆ ಪೂರಕವಾಗಿ ಇನ್ನೊಂದು ವಿಶ್ವವಿಜೇತ ಪಂದ್ಯವನ್ನು ನೆನೆಯುತ್ತೇನೆ. ಅದರಲ್ಲಿ ಆಡಿದವರಲ್ಲೊಬ್ಬರು ನಮ್ಮ ದೇಶದವರಾದದ್ದರಿಂದ ಅದರ ನೋವು ನಮಗೆ ಹತ್ತಿರದ್ದು. 1995ರಲ್ಲಿ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ 107ನೆಯ ಅಂತಸ್ತಿನಲ್ಲಿ ಕಾಸ್ಪರೋವ್ ಮತ್ತು ವಿಶ್ವನಾಥನ್ ಆನಂದ್ ಎದುರುಬದುರಾದಾಗ ಮೊದಲ ಎಂಟು ಆಟಗಳು ಸಮನಾಗಿ, ಒಂಬತ್ತನೆಯದನ್ನು ಆನಂದರು ಗೆದ್ದರು. ಹತ್ತನೆಯದರಲ್ಲಿ ಕಾಸ್ಪರೋವನು ಒಂದು ಇಡೀ ಆನೆಯನ್ನು ಮೂಲೆಯಲ್ಲಿ ಬಿಟ್ಟುಕೊಟ್ಟು, ಆನಂದರ ರಾಜನ ಮೇಲೆ ತಡೆಯಲಾರದ ಆಕ್ರಮಣವನ್ನು ನಡೆಸಿ ಗೆದ್ದನು. ಸೌಂದರ್ಯದಲ್ಲಿ ಆ ಆಟವು ಟಾಲನ ಆಟಕ್ಕೆ ಕಡಿಮೆಯದಲ್ಲ, ಸಾಧುತ್ವದಲ್ಲಿ ಅದಕ್ಕಿಂತ ಮೇಲು. ಆದರೆ ಆಕ್ರಮಣದ ಬಹುಭಾಗವು ಮನೆಯಲ್ಲಿಯೇ, ಸಹಾಯಕರ ಸಂಗಡ, ಮೊದಲೇ ಸಿದ್ಧವಾಗಿತ್ತು. ಹಲಗೆಯ ಮುಂದೆ ದೀರ್ಘಕಾಲ ಚಿಂತಿಸಿದವರು ಆನಂದರು. ಕಾಸ್ಪರೋವನ ಗಡಿಯಾರ ಬಹಳ ಹೊತ್ತು ನಿಂತ ಹಾಗೆಯೇ ಇತ್ತು. ಕಾವ್ಯಕ್ಕೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸಗಳೆಂಬ ಮೂರು ಹೇತುಗಳನ್ನು ಹೇಳುತ್ತಾರಷ್ಟೆ. ಕಾಸ್ಪರೋವನ ಹತ್ತನೆಯ ಆಟದಲ್ಲಿ ಅಂತ್ಯದ ಎರಡು ಮುಂದಾಗಿವೆ, ಟಾಲನ ಆರನೆಯ ಆಟದಲ್ಲಿ ಮೊದಲನೆಯದು. ಸಿದ್ಧತೆಯೂ ಪುರುಷಾರ್ಥವೇ, ಅದನ್ನು ಕೀಳುಗಳೆಯುವುದು ಅನ್ಯಾಯ. ಆದರೂ ಅಪಾಯವನ್ನು ಮನೆಯಲ್ಲಿ ಬಗೆಹರಿಸಿಕೊಂಡು ಬಂದವನ ಬಲಿಯನ್ನೂ, ಅಪಾಯದ ನಡುವೆ ಕುಳಿತಲ್ಲಿಯೇ ಹುಟ್ಟಿದ ಬಲಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಎರಡಕ್ಕೂ ಮೆಚ್ಚುಗೆ ಸಲ್ಲಬೇಕು. ಪ್ರೀತಿ ಮಾತ್ರ ಎರಡನೆಯದಕ್ಕೆ ಹೆಚ್ಚು. ಆನಂದರು ಬಾಲ್ಯದಲ್ಲಿ ಆಟದಲ್ಲಿ ಪಳಗಿದ್ದು ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ, ಟಾಲನ ಹೆಸರನ್ನೇ ಹೊತ್ತ ಸಂಘದಲ್ಲಿ ಎಂಬುದನ್ನು ಇಲ್ಲಿ ನೆನೆಯುವುದು ಅಸಂಗತವಾಗದು. ಸಮುದ್ರಗಳಾಚೆಯ ರೀಗಾ ಊರಿನವನೊಬ್ಬನ ಹೆಸರು ನಮ್ಮ ದಕ್ಷಿಣದ ಹುಡುಗನೊಬ್ಬನ ಮೊದಲ ಪಾಠಶಾಲೆಗೆ ಬಂದು ಸೇರಿದ್ದು ಆತನ ಅಂಕಗಳಿಂದಲ್ಲ, ಇಂಥ ಆಟಗಳಿಂದ.

ಇಂದು ಈ ವಿವಾದದ ಸ್ವರೂಪವೇ ಬದಲಾಗಿದೆ. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಇದು. ಈಗ ವಿಶ್ವವಿಜೇತ ಪಂದ್ಯವನ್ನು ನೋಡುವವನ ಪರದೆಯ ಅಂಚಿನಲ್ಲಿ ಗಣಕಯಂತ್ರದ ಅಂದಾಜು ಒಂದು ಪಟ್ಟಿಯ ರೂಪದಲ್ಲಿ ಏರುತ್ತ ಇಳಿಯುತ್ತ ಇರುತ್ತದೆ. ಆಟಗಾರನು ನಡೆಸಿದ ಕ್ಷಣದಲ್ಲಿಯೇ, ಆ ನಡೆಯ ಉದ್ದೇಶವೇನೆಂದು ನೋಡುವವನು ಯೋಚಿಸುವುದಕ್ಕೆ ಮೊದಲೇ, ಅದು ಎಷ್ಟು ಒಳ್ಳೆಯದು, ಎಷ್ಟು ಕೆಟ್ಟದ್ದು ಎಂಬ ಅಂಕಿ ಕಣ್ಣಿಗೆ ಬೀಳುತ್ತದೆ. ವಿಶ್ವವಿಜೇತನು ಅರ್ಧ ಗಂಟೆ ಹೆಣಗಿ ಆಡಿದ ನಡೆಯನ್ನು, ಕಾಯಿಗಳ ನಡೆಯನ್ನು ನಿನ್ನೆ ಮೊನ್ನೆ ಕಲಿತವನು ಅರ್ಧ ಕ್ಷಣದಲ್ಲಿ ‘ಪ್ರಮಾದ’ವೆಂದು ಘೋಷಿಸುತ್ತಾನೆ. ಯಂತ್ರದ ಮಾತು ಸುಳ್ಳಲ್ಲ. ಬಹುಮಟ್ಟಿಗೆ ಅದು ಮನುಷ್ಯರ ಮಾತಿಗಿಂತ ನಿಜ. ಆದರೆ ಹೀಗೆ ಘೋಷಿಸಿದವನಿಗೆ ಆ ನಿಜವು ಜ್ಞಾನವಾಗಿ ಬಂದಿಲ್ಲ, ಸುದ್ದಿಯಾಗಿ ಬಂದಿದೆ. ಪುಷ್ಕಿನ್ ರಂಗಮಂದಿರದಲ್ಲಿ ಗದ್ದಲವೆಬ್ಬಿಸಿದವರ ಬಳಿ ಅಂಥ ಸುದ್ದಿಯಿರಲಿಲ್ಲ. ಕುದುರೆಯನ್ನು ಹೊಡೆದರೆ ಏನು, ಹೊಡೆಯದಿದ್ದರೆ ಏನು ಎಂದು ಅವರವರ ಶಕ್ತ್ಯನುಸಾರ ಎಣಿಸಿ, ಪಕ್ಕದವನೊಡನೆ ಜಗಳವಾಡಿ, ತಾವು ತಪ್ಪೆಂದು ಕಂಡಾಗ ಮತ್ತೆ ಹಲಗೆಯ ಕಡೆಗೆ ತ್ವರೆಯಿಂದ ತಿರುಗುತ್ತಿದ್ದ ಆ ಜನರು, ಆಟಗಾರರ ಸಂಕಟದಲ್ಲಿ ತಾವೂ ಪಾಲುಗಾರರಾಗಿದ್ದರು. ಆಟಗಾರರಿಗೆ ಅವರ ಗದ್ದಲದಿಂದ ತೊಂದರೆಯಾಯಿತು, ನಿಜ. ಅವರನ್ನು ಸುಮ್ಮನಿರಿಸಬೇಕಾದದ್ದೂ ಧರ್ಮವೇ. ಆದರೆ ಅದು ಸಹೃದಯರ ಗದ್ದಲ. ಒಂದು ಕಲೆಗೆ ಅಂಥ ಗದ್ದಲವು ಒದಗುವುದು ಅದರ ಸುಕೃತ.

ಬೋಟ್ವಿನಿಕನೇ ತನ್ನ ಜೀವನದ ಉತ್ತರಾರ್ಧದಲ್ಲಿ ಗಣಕಯಂತ್ರಕ್ಕೆ ಚದುರಂಗವನ್ನು ಕಲಿಸುವ ಕೆಲಸಕ್ಕೆ ತೊಡಗಿದ್ದನೆಂಬುದನ್ನು ಯಂತ್ರದ ಅಭಿಮಾನಿಗಳು ನನಗೆ ನೆನಪಿಸಿಯಾರು. ಅದು ನನ್ನ ಮಾತಿಗೆ ವಿರೋಧವಲ್ಲ, ಬೆಂಬಲ. ‘ಪಯೋನಿಯರ್’ ಎಂಬ ಹೆಸರಿನ ಆ ಯೋಜನೆಯಲ್ಲಿ ಆತನು ಬಯಸಿದ್ದು, ಎಲ್ಲ ನಡೆಗಳನ್ನೂ ಕುರುಡಾಗಿ ಎಣಿಸುವ ಯಂತ್ರವನ್ನಲ್ಲ. ಬಲ್ಲ ಆಟಗಾರನಂತೆ ಅನಾವಶ್ಯಕವಾದುದನ್ನು ಬಿಟ್ಟು, ಉದ್ದೇಶವನ್ನು ಹಿಡಿದು ಹುಡುಕುವ ಯಂತ್ರವನ್ನು. ಆ ಯೋಜನೆ ಫಲಿಸಲಿಲ್ಲ. ಲೋಕವು ಬೇರೆ ದಾರಿಯಲ್ಲಿ ಹೋಯಿತು. ಆದರೆ ನಡೆಯ ಬೆಲೆಗಿಂತ ಅದರ ಉದ್ದೇಶವನ್ನು ಮುಂದಿಡುವ ಆ ದೃಷ್ಟಿ ನೋಡುವ ನಮಗೂ ಬೇಕಾದದ್ದು. ಯಂತ್ರವನ್ನು ದೂರವಿಡಿರೆಂದು ನಾನು ಹೇಳುವುದಿಲ್ಲ. ಅದನ್ನು ಕೇಳುವುದಕ್ಕೆ ಮೊದಲು ನಾವೇ ಒಂದು ತೀರ್ಮಾನಕ್ಕೆ ಬಂದಿರಬೇಕು, ಆ ತೀರ್ಮಾನಕ್ಕೆ ಕಾರಣವನ್ನು ಹೇಳಬಲ್ಲವರಾಗಿರಬೇಕು. ಯಂತ್ರವು ನಮ್ಮನ್ನು ಅಲ್ಲಗಳೆದಾಗ ಎಲ್ಲಿ ಅಲ್ಲಗಳೆಯಿತೆಂದು ನಡೆನಡೆಯಾಗಿ ಹುಡುಕಬೇಕು. ಹಾಗೆ ಹುಡುಕಿದವನಿಗೆ ಆರನೆಯ ಆಟದ 27ನೆಯ ನಡೆಯ ಒಂಟೆ ದೊರೆತಾಗ ಟಾಲನ ಮೇಲಣ ಮೆಚ್ಚುಗೆ ಕುಗ್ಗುವುದಿಲ್ಲ. ಇಷ್ಟು ತೆಳ್ಳಗಿನ ಎಳೆಯೊಂದರ ಮೇಲೆ ಬೋಟ್ವಿನಿಕನ ರಕ್ಷಣೆ ನಿಂತಿತ್ತೆಂದು ತಿಳಿದು, ಇಬ್ಬರ ಮೇಲೂ ಗೌರವ ಹೆಚ್ಚುತ್ತದೆ.

ಬೋಟ್ವಿನಿಕನು ಆ ಬಲಿಗೆ ಕೊಟ್ಟ ನಿಜವಾದ ಉತ್ತರವನ್ನು ಕುರಿತು ಒಂದು ಮಾತು ಉಳಿದಿದೆ. ಅಂದಿನ ನಿಯಮವು ಸೋತ ವಿಶ್ವವಿಜೇತನಿಗೆ ಒಂದು ವರ್ಷದೊಳಗೆ ಮರುಪಂದ್ಯದ ಹಕ್ಕನ್ನು ಕೊಡುತ್ತಿತ್ತು. 1961ರಲ್ಲಿ ಅವರಿಬ್ಬರೂ ಮತ್ತೆ ಮಾಸ್ಕೋದಲ್ಲಿ ಕುಳಿತಾಗ, ಐವತ್ತರ ಹೊಸ್ತಿಲಲ್ಲಿದ್ದ ಬೋಟ್ವಿನಿಕನು ಹತ್ತು ಆಟಗಳನ್ನು ಗೆದ್ದು, ಐದನ್ನು ಸೋತು, ಹದಿಮೂರಕ್ಕೆ ಎಂಟರಂತೆ ಪದವಿಯನ್ನು ಹಿಂದಕ್ಕೆ ಪಡೆದನು. ಟಾಲನ ಆರೋಗ್ಯ ಆಗ ಕೆಟ್ಟಿತ್ತೆಂಬುದು ನಿಜ. ಆತನ ಅಭಿಮಾನಿಗಳು ಇದನ್ನು ಎತ್ತಿ ಹೇಳುವುದೂ ಸಹಜ. ಆದರೆ ಬೋಟ್ವಿನಿಕನ ಸಿದ್ಧತೆಯ ಮಹಿಮೆಯನ್ನು ಅದರಿಂದ ಮುಚ್ಚಲಾಗದು. ಹಿಂದಿನ ವರ್ಷದ ಬಲಿಗಳನ್ನು ಒಂದೊಂದಾಗಿ ಖಂಡಿಸುವ ಸಾಲುಗಳನ್ನು ಕಂಠಪಾಠ ಮಾಡಿಕೊಂಡು ಬಂದು ಆತನು ಗೆಲ್ಲಲಿಲ್ಲ. ಅಂಥ ಬಲಿಗಳು ಹುಟ್ಟುವ ಸ್ಥಿತಿಗಳೇ ಹುಟ್ಟದಂತೆ, ಆಟಗಳನ್ನು ಮುಚ್ಚಿದ ಕಾಲಾಳುಗಳ ಸಾಲಿನ ಕಡೆಗೂ, ರಾಣಿಯರಿಲ್ಲದ ಅಂತ್ಯದಾಟದ ಕಡೆಗೂ ಮೊದಲಿನಿಂದಲೇ ಒಯ್ದನು. ಆರನೆಯ ಆಟದ ಕುದುರೆಯ ವಿಷಯದಲ್ಲಿ ಯಾರು ಏನೇ ವಾದಿಸಲಿ, ಆ ಕುದುರೆಯ ಏಟನ್ನು ತಿಂದವನು ಅದರ ಬಲವನ್ನು ಅಳೆದದ್ದು ಹೀಗೆ: ಅದಕ್ಕೆ 25ನೆಯ ನಡೆಯಲ್ಲಿ ಉತ್ತರ ಹೇಳಲು ಕಾಯುವುದು ತರವಲ್ಲವೆಂದು ತಿಳಿದು, ಐದನೆಯ ನಡೆಯಲ್ಲಿಯೇ ಉತ್ತರ ಹೇಳತೊಡಗಿದನು.